ಕೊಟ್ಟಾನ, ಕೊಟ್ಟಾನಂತ, ಕೊಟ್ಟಂಗ ತೋರಿಸ್ಯಾರ: ಹಗರಣದ ಧಾರಾವಾಹಿಯನ್ನು ಕುರಿತ ಕೊಪ್ಪಳ ಸೀಮೆಯ ಮಾತಿನಲ್ಲಿ ಆಧಾರಸೂಚಕಗಳು

ಸಾರಾಂಶ

ನಡೆದುಹೋದ ಹಗರಣವೊಂದು ಧಾರಾವಾಹಿಯಾಗಿ ತೆರೆಗೆ ಬಂದಾಗ, ಅದನ್ನು ಕುರಿತು ಮಾತನಾಡುವ ವೀಕ್ಷಕನು ತನಗೆ ತಿಳಿದದ್ದು ಎಲ್ಲಿಂದ ತಿಳಿಯಿತು ಎಂಬುದನ್ನೂ ಕ್ರಿಯಾಪದದ ಕೊನೆಯಲ್ಲಿ ಹೇಳುತ್ತಾನೆ. ಅಬ್ದುಲ್ ಕರೀಂ ತೆಲಗಿಯ ನಕಲಿ ಛಾಪಾ ಕಾಗದ ಹಗರಣವನ್ನು ಆಧರಿಸಿದ 2023ರ ಹಿಂದಿ ಸರಣಿಯನ್ನು ನಿದರ್ಶನವಾಗಿಟ್ಟುಕೊಂಡು, ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಸೀಮೆಯ ಕನ್ನಡದಲ್ಲಿ ಈ ಕೆಲಸ ಮಾಡುವ ಮೂರು ರಚನೆಗಳನ್ನು ಪ್ರಸ್ತುತ ಲೇಖನವು ವಿವರಿಸುತ್ತದೆ. ಕೇಳಿದ್ದು ಕಂಡದ್ದಾಗಿ ಮಾರ್ಪಡುವಾಗ ಮೊದಲು ಬಿದ್ದುಹೋಗುವುದು 'ಅಂತ' ಎಂಬ ಪ್ರತ್ಯಯ. ಅದರ ಸ್ಥಾನವನ್ನು ತುಂಬಬಲ್ಲದ್ದು 'ತೋರಿಸು' ಕ್ರಿಯಾಪದದ ಒಂದು ನಿರ್ದಿಷ್ಟ ರಚನೆ ಎಂಬುದು ನಮ್ಮ ವಾದ.

ಕೀಲಿಪದಗಳು: ಆಧಾರಸೂಚಕ, ಶ್ರುತಸೂಚಕ, ಉಕ್ತಿಸೂಚಕ, ಪೂರ್ವಗೃಹೀತ, ಕೊಪ್ಪಳ ಕನ್ನಡ, ಧಾರಾವಾಹಿ

1. ಪ್ರವೇಶ

ಹಗರಣವೆಂಬುದು ಬಹುಮಟ್ಟಿಗೆ ಮಾತಿನಲ್ಲಿ ಬದುಕುವ ವಸ್ತು. ಲಂಚ ಕೊಟ್ಟವನನ್ನಾಗಲಿ ತೆಗೆದುಕೊಂಡವನನ್ನಾಗಲಿ ಕಣ್ಣಾರೆ ಕಂಡವರು ವಿರಳ. ಉಳಿದವರೆಲ್ಲ ಪತ್ರಿಕೆಯಲ್ಲಿ ಓದಿದವರು ಅಥವಾ ಸಂತೆಯಲ್ಲಿ, ಬಸ್ಸಿನಲ್ಲಿ, ಕಚೇರಿಯ ಮುಂದಿನ ಚಹಾದ ಅಂಗಡಿಯಲ್ಲಿ ಕೇಳಿದವರು. ಕನ್ನಡದ ವ್ಯಾಕರಣವು ಈ ಅಂತರವನ್ನು ಗಮನಿಸುತ್ತದೆ. 'ಕೊಟ್ಟಿದ್ದಾನೆ' ಎಂದರೆ ಹೇಳುವವನೇ ಆ ಮಾತಿಗೆ ಹೊಣೆ. 'ಕೊಟ್ಟಿದ್ದಾನಂತೆ' ಎಂದರೆ ಹೊಣೆ ಬೇರೆಯವರದು, ಹೇಳುವವನು ಅದನ್ನು ದಾಟಿಸುತ್ತಿದ್ದಾನೆ ಅಷ್ಟೆ.

ಧಾರಾವಾಹಿಯು ಈ ವ್ಯವಸ್ಥೆಯನ್ನು ಇಕ್ಕಟ್ಟಿಗೆ ಸಿಲುಕಿಸುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ಕೇವಲ ಕೇಳಿದ್ದ ಸಂಗತಿಯು ಈಗ ಬೆಳಕು, ಬಣ್ಣ, ಮುಖಭಾವಗಳೊಂದಿಗೆ ಕಣ್ಣಿಗೆ ಬೀಳುತ್ತದೆ. ಅದನ್ನು ನೋಡಿದವನು ಮರುದಿನ ಮಾತಿಗಿಳಿದಾಗ ಯಾವ ಪ್ರತ್ಯಯವನ್ನು ಬಳಸಬೇಕು? ನೋಡಿದ್ದು ನಿಜ, ಆದರೆ ನೋಡಿದ್ದು ಘಟನೆಯನ್ನಲ್ಲ. ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಭಾಷಾವೈಜ್ಞಾನಿಕವಾಗಿ ಬಿಡಿಸಿಡಲು ಯತ್ನಿಸುತ್ತದೆ.

ಇಲ್ಲಿನ ಉದಾಹರಣಾ ವಾಕ್ಯಗಳನ್ನು ಈ ಸೀಮೆಯ ಆಡುಮಾತಿನ ರೂಪಗಳಿಗೆ ಅನುಗುಣವಾಗಿ ನಾವೇ ರಚಿಸಿದ್ದೇವೆ. ಅವು ಸಮೀಕ್ಷೆಯೊಂದರ ಫಲಿತಾಂಶಗಳಲ್ಲ, ಸರಣಿಯ ಯಾವುದೇ ನಿರ್ದಿಷ್ಟ ದೃಶ್ಯದ ವರ್ಣನೆಯೂ ಅಲ್ಲ. ವಾಕ್ಯಗಳಲ್ಲಿ ಬರುವ 'ಸಾಹೇಬ್ರು' ಯಾವ ನಿಜವ್ಯಕ್ತಿಯನ್ನೂ ಸೂಚಿಸುವುದಿಲ್ಲ.

2. ಪ್ರಕರಣ ಮತ್ತು ಸರಣಿ

ಅಬ್ದುಲ್ ಕರೀಂ ತೆಲಗಿ ಬೆಳಗಾವಿ ಜಿಲ್ಲೆಯ ಖಾನಾಪುರದವನು. ನಕಲಿ ಛಾಪಾ ಕಾಗದಗಳನ್ನು ಮುದ್ರಿಸಿ ಹಲವು ರಾಜ್ಯಗಳಲ್ಲಿ ಮಾರಿದ ಜಾಲದ ಸೂತ್ರಧಾರನೆಂದು ಅವನನ್ನು 2001ರಲ್ಲಿ ಅಜ್ಮೀರದಲ್ಲಿ ಬಂಧಿಸಲಾಯಿತು. 2004ರಲ್ಲಿ ತನಿಖೆಯು ಕೇಂದ್ರೀಯ ತನಿಖಾ ದಳದ ಕೈಸೇರಿತು. 2007ರಲ್ಲಿ ಪುಣೆಯ ವಿಶೇಷ ನ್ಯಾಯಾಲಯವು ಸೆರೆವಾಸದೊಂದಿಗೆ 202 ಕೋಟಿ ರೂಪಾಯಿಗಳ ದಂಡವನ್ನೂ ವಿಧಿಸಿತು. ಬೆಂಗಳೂರಿನ ಪರಪ್ಪನ ಅಗ್ರಹಾರದ ಕಾರಾಗೃಹದಲ್ಲಿದ್ದ ಅವನು 2017ರ ಅಕ್ಟೋಬರ್‌ನಲ್ಲಿ ಆಸ್ಪತ್ರೆಯಲ್ಲಿ ಮೃತನಾದನು.

ನಮ್ಮ ವಾದಕ್ಕೆ ಇನ್ನೆರಡು ಸಂಗತಿಗಳು ಮುಖ್ಯ. ಮೊದಲನೆಯದಾಗಿ, ಈ ಪ್ರಕರಣದಲ್ಲಿ ರಾಜಕಾರಣಿಗಳ, ಹಿರಿಯ ಪೊಲೀಸ್ ಅಧಿಕಾರಿಗಳ ಹೆಸರುಗಳೂ ಕೇಳಿಬಂದವು. ಮಹಾರಾಷ್ಟ್ರದಲ್ಲಿ ಹಿರಿಯ ಅಧಿಕಾರಿಗಳ ಬಂಧನವೂ ಆಯಿತು, ಮುಂದೆ ಅವರಲ್ಲಿ ಕೆಲವರು ಆರೋಪಮುಕ್ತರಾದರು. ಎರಡನೆಯದಾಗಿ, 2018ರ ಕೊನೆಯಲ್ಲಿ ನಾಸಿಕದ ನ್ಯಾಯಾಲಯವು ಒಂದು ಪ್ರಕರಣದಲ್ಲಿ ಆಗಾಗಲೇ ಮೃತನಾಗಿದ್ದ ತೆಲಗಿಯನ್ನೂ ಇತರ ಆರೋಪಿಗಳನ್ನೂ ಸಾಕ್ಷ್ಯಾಧಾರಗಳ ಕೊರತೆಯಿಂದ ಖುಲಾಸೆಗೊಳಿಸಿತು. ಅಂದರೆ ಒಂದೇ ಹಗರಣದೊಳಗೆ ಸಾಬೀತಾದದ್ದು, ಸಾಬೀತಾಗದೆ ಉಳಿದದ್ದು, ಆರೋಪ ಬಿದ್ದುಹೋದದ್ದು ಮೂರೂ ಇವೆ. 30,000 ಕೋಟಿ ರೂಪಾಯಿಗಳ ಹಗರಣವೆಂಬ ಅಂಕಿ ಮಾಧ್ಯಮಗಳಲ್ಲಿ ವ್ಯಾಪಕವಾಗಿ ಹರಿದಾಡಿತು. ಅದನ್ನು 'ಆಗಿತ್ತು' ಎಂದು ಹೇಳುವುದಕ್ಕೂ 'ಆಗಿತ್ತಂತೆ' ಎಂದು ಹೇಳುವುದಕ್ಕೂ ಇರುವ ಅಂತರ ಸಣ್ಣದಲ್ಲ.

ಪತ್ರಕರ್ತ ಸಂಜಯ್ ಸಿಂಗ್ ಅವರ ಪುಸ್ತಕವನ್ನು ಆಧರಿಸಿದ 'ಸ್ಕ್ಯಾಮ್ 2003: ದಿ ತೆಲಗಿ ಸ್ಟೋರಿ' ಎಂಬ ಸರಣಿಯು ಸೋನಿ ಲಿವ್ ವಾಹಿನಿಯಲ್ಲಿ 2023ರ ಸೆಪ್ಟೆಂಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಎರಡು ಭಾಗಗಳಾಗಿ ಪ್ರಸಾರವಾಯಿತು. ತುಷಾರ್ ಹೀರಾನಂದಾನಿ ನಿರ್ದೇಶಿಸಿದ ಇದರಲ್ಲಿ ತೆಲಗಿಯ ಪಾತ್ರವನ್ನು ಗಗನ್ ದೇವ್ ರಿಯಾರ್ ನಿರ್ವಹಿಸಿದ್ದಾರೆ. 2020ರಲ್ಲಿ ಬಂದ ಹರ್ಷದ್ ಮೆಹ್ತಾ ಕುರಿತ ಸರಣಿಯ ಮುಂದುವರಿಕೆಯಾಗಿ ಬಂದ ಈ ಕಥೆಯ ನಾಯಕನು ಕರ್ನಾಟಕದವನಾದ್ದರಿಂದ ಕನ್ನಡದ ವೀಕ್ಷಕರಿಗೆ ಅದು ದೂರದ ಕಥೆಯಾಗಿರಲಿಲ್ಲ.

ಛಾಪಾ ಕಾಗದವಂತೂ ಮನೆಮನೆಯ ವಸ್ತು. ಹೊಲದ ಖರೀದಿ, ಅಣ್ಣತಮ್ಮಂದಿರ ವಾಟ್ನಿ, ಸಾಲದ ಕರಾರು ಯಾವುದೂ ಅದಿಲ್ಲದೆ ನಡೆಯುತ್ತಿರಲಿಲ್ಲ. ಹಾಗಾಗಿ ಇಲ್ಲಿನ ಹಿರಿಯರ ಪಾಲಿಗೆ ಹಗರಣವೆಂದರೆ ಮುಂಬಯಿಯ ಸುದ್ದಿಯಷ್ಟೇ ಅಲ್ಲ, 'ನಮ್ಮ ಟ್ರಂಕಿನ್ಯಾಗಿರೋ ಕಾಗದಾನೂ ಖೊಟ್ಟಿ ಇರಬಹುದಾ' ಎಂಬ ಅನುಮಾನಕ್ಕೆ ಎಡೆಮಾಡುವ ಸಂಗತಿಯೂ ಹೌದು.

3. ಸೀಮೆ ಮತ್ತು ಅದರ ಕನ್ನಡ

ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ನೆಲೆಗಳಲ್ಲಿ ಕೊಪಣವೂ ಒಂದು. ಅದೇ ಇಂದಿನ ಕೊಪ್ಪಳ. ಮುಂದೆ ಈ ಸೀಮೆಯು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1956ರಲ್ಲಿ ಮೈಸೂರು ರಾಜ್ಯದೊಡನೆ ವಿಲೀನಗೊಂಡಿತು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು ಅದರಲ್ಲಿದ್ದವು. ಕನ್ನಡದ ಜೊತೆಗೆ ದಖನಿ ಉರ್ದು ಇಲ್ಲಿ ನಿತ್ಯದ ಮಾತು. ತುಂಗಭದ್ರಾ ಕಾಲುವೆಯ ನೀರಾವರಿ ಬಂದ ಮೇಲೆ ಗಂಗಾವತಿ ಭಾಗದ ಕ್ಯಾಂಪುಗಳಲ್ಲಿ ತೆಲುಗೂ ನೆಲೆಗೊಂಡಿದೆ.

ನಮಗೆ ಇಲ್ಲಿ ಬೇಕಾದ ಧ್ವನಿಲಕ್ಷಣವು ಒಂದೇ. ಬರಹದ ಕನ್ನಡದಲ್ಲಿ ಎಕಾರಾಂತವಾಗಿರುವ ಕ್ರಿಯಾರೂಪಗಳು ಉತ್ತರ ಕರ್ನಾಟಕದ ಇತರ ಭಾಗಗಳಂತೆ ಇಲ್ಲಿಯೂ ಅಕಾರಾಂತವಾಗುತ್ತವೆ. ಬರುತ್ತಾನೆ ಎಂಬುದು 'ಬರ್ತಾನ', ಬಂದಿದ್ದಾರೆ ಎಂಬುದು 'ಬಂದಾರ', ಕೊಟ್ಟಿದ್ದಾನೆ ಎಂಬುದು 'ಕೊಟ್ಟಾನ'. ಇದೇ ದಾರಿಯಲ್ಲಿ 'ಅಂತೆ' ಎಂಬುದು 'ಅಂತ' ಆಗುತ್ತದೆ. ಶಾಲೆ ಹಾಗೂ ಪತ್ರಿಕೆಗಳ ಪ್ರಭಾವದಿಂದ 'ಅಂತೆ' ರೂಪವೂ ಬಳಕೆಯಲ್ಲಿದೆಯಾದರೂ ಆಡುಮಾತಿನ ಸಹಜ ರೂಪ 'ಅಂತ'ವೇ.

4. 'ಅಂತ': ಕೇಳಿದ್ದರ ಗುರುತು

ಹೇಳಿಕೆಯೊಂದರ ತಿಳಿವಳಿಕೆ ಎಲ್ಲಿಂದ ಬಂದಿತೆಂಬುದನ್ನು ಸೂಚಿಸುವ ವ್ಯಾಕರಣ ರೂಪವನ್ನು ಆಧಾರಸೂಚಕ ಎನ್ನೋಣ. ಕೇಳಿ ತಿಳಿದದ್ದನ್ನು ಗುರುತಿಸುವ ಆಧಾರಸೂಚಕವು ಶ್ರುತಸೂಚಕ.

(1) ಅವ ಸಾಹೇಬ್ರಿಗೆ ರೊಕ್ಕ ಕೊಟ್ಟಾನ.
(2) ಅವ ಸಾಹೇಬ್ರಿಗೆ ರೊಕ್ಕ ಕೊಟ್ಟಾನಂತ.
(3) ಅವ ಸಾಹೇಬ್ರಿಗೆ ರೊಕ್ಕ ಕೊಟ್ಟಿಲ್ಲಂತ.

(1) ನೇರ ಹೇಳಿಕೆ, (2) ಶ್ರುತ. (3)ರಲ್ಲಿ ನಿಷೇಧವು 'ಕೊಡು' ಎಂಬ ಕ್ರಿಯೆಗೆ ಮಾತ್ರ ತಗಲುತ್ತದೆ, 'ಅಂತ'ಕ್ಕೆ ತಗಲುವುದಿಲ್ಲ. 'ಕೊಟ್ಟಿಲ್ಲವೆಂದು ಹೇಳುತ್ತಾರೆ' ಎಂಬುದೇ ಅದರ ಅರ್ಥ, 'ಕೊಟ್ಟನೆಂದು ಯಾರೂ ಹೇಳುವುದಿಲ್ಲ' ಎಂಬುದಲ್ಲ. ಆಧಾರಸೂಚಕವು ವಾಕ್ಯದ ವಿಷಯದೊಳಗೆ ಸೇರದೆ, ಹೊರಗೆ ನಿಂತು ಅದನ್ನು ಹೊದ್ದಿಸುವ ಪದರವೆಂಬುದಕ್ಕೆ ಇದು ಸಾಕ್ಷಿ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಶ್ರುತಸೂಚಕವು ಸಂಶಯಸೂಚಕವಲ್ಲ. 'ಅಂತೆಕಂತೆ' ಎಂಬ ಜೋಡುನುಡಿಗೆ ಗಾಳಿಸುದ್ದಿ ಎಂಬ ಅರ್ಥವಿರುವುದರಿಂದ ಅಂತೆ ಎಂದರೆ ಸುಳ್ಳು ಎಂಬ ಭಾವನೆ ಬೆಳೆದಿದೆ. ಆದರೆ 'ನಾಳಿ ಬಸ್ ಇಲ್ಲಂತ' ಎಂದವನಿಗೆ ಬಸ್ಸಿಲ್ಲವೆಂಬುದರಲ್ಲಿ ಅನುಮಾನವಿರಬೇಕಾಗಿಲ್ಲ. ಅವನು ಹೇಳುತ್ತಿರುವುದು ಮಾತಿನ ಮೂಲವನ್ನು ಕುರಿತು, ಸತ್ಯಾಸತ್ಯವನ್ನು ಕುರಿತಲ್ಲ. ಸಂಶಯಕ್ಕೆ ಕನ್ನಡದಲ್ಲಿ 'ಕೊಟ್ಟಾನೋ ಏನೋ' ಎಂಬ ಬೇರೆ ರಚನೆಯಿದೆ, ಊಹೆಗೆ 'ಕೊಟ್ಟಿರಬೇಕು' ಎಂಬುದಿದೆ. ಪತ್ರಿಕಾಭಾಷೆಯ 'ಎನ್ನಲಾಗಿದೆ' ಕೂಡ 'ಅಂತೆ'ಯ ಔಪಚಾರಿಕ ರೂಪವೇ ಹೊರತು ಅಪನಂಬಿಕೆಯ ಸೂಚನೆಯಲ್ಲ.

ಈ ಸೀಮೆಯ ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಬರಹದ ಕನ್ನಡದಲ್ಲಿ 'ಅಂತೆ' ಎಂಬ ಒಂದೇ ರೂಪವು ಶ್ರುತವನ್ನೂ (ಬಂದನಂತೆ) ಹೋಲಿಕೆಯನ್ನೂ (ಹೇಳಿದಂತೆ) ಸೂಚಿಸುತ್ತದೆ. ಕೊಪ್ಪಳದ ಮಾತಿನಲ್ಲಿ ಹೋಲಿಕೆಗೆ 'ಹೇಳಿದಂಗ' ಎಂಬ ಬೇರೆ ರೂಪವಿರುವುದರಿಂದ ಆ ಗೊಂದಲವಿಲ್ಲ. ಆದರೆ 'ಅಂತೆ'ಯು 'ಅಂತ'ವಾದ ಕೂಡಲೇ ಅದು ಉಕ್ತಿಸೂಚಕವಾದ 'ಅಂತ'ದೊಡನೆ, ಅಂದರೆ ಬರಹದ 'ಎಂದು' ಎಂಬುದರ ಸ್ಥಾನದಲ್ಲಿ ಬರುವ ರೂಪದೊಡನೆ, ಬೆರೆತುಹೋಗುತ್ತದೆ.

(4) ರೊಕ್ಕ ಕೊಟ್ಟಾನಂತ ಪೇಪರಿನ್ಯಾಗ ಬಂದಿತ್ತು.
(5) ರೊಕ್ಕ ಕೊಟ್ಟಾನಂತ್ರಿ.

(4)ರಲ್ಲಿ 'ಅಂತ' ಉಕ್ತಿಸೂಚಕ: ಮೂಲವು ಪತ್ರಿಕೆಯೆಂದು ವಾಕ್ಯವೇ ಹೇಳುತ್ತದೆ. (5)ರಲ್ಲಿ ಅದು ಶ್ರುತಸೂಚಕ: ಮೂಲ ಅನಾಮಿಕ. ಎರಡನ್ನೂ ಬೇರ್ಪಡಿಸುವುದು ಸ್ಥಾನ. ವಾಕ್ಯದ ಕೊನೆಯಲ್ಲಿ ನಿಂತ ಶ್ರುತಸೂಚಕಕ್ಕೆ ಗೌರವಾರ್ಥದ 'ರಿ' ಸೇರುತ್ತದೆ, ಅಧೀನ ವಾಕ್ಯದ ಉಕ್ತಿಸೂಚಕಕ್ಕೆ ಸೇರುವುದಿಲ್ಲ. (4)ರಲ್ಲಿ 'ರಿ' ಬರಬೇಕಾದರೆ 'ಬಂದಿತ್ರಿ' ಎಂದು ಮುಖ್ಯ ಕ್ರಿಯೆಗೇ ಹತ್ತಬೇಕು. ಹಗರಣದ ಮಾತುಕತೆಯಲ್ಲಿ ಈ ಭೇದಕ್ಕೆ ಬೆಲೆಯಿದೆ. ಮೂಲವನ್ನು ಹೆಸರಿಸಿದ ಮಾತನ್ನು ಪರಿಶೀಲಿಸಬಹುದು, ಅನಾಮಿಕ ಮಾತನ್ನು ನಂಬಬೇಕು ಇಲ್ಲವೇ ಬಿಡಬೇಕು.

5. ಮೂರು ಪದರಗಳು, ಮೂರು ಕಾಲರೂಪಗಳು

ನಿಜವ್ಯಕ್ತಿಯ ಮೇಲೆ ಕಟ್ಟಿದ ಧಾರಾವಾಹಿಯಲ್ಲಿ 'ಅವ' ಎಂಬ ಸರ್ವನಾಮವು ಏಕಕಾಲದಲ್ಲಿ ಮೂವರನ್ನು ಸೂಚಿಸಬಲ್ಲದು: ಇತಿಹಾಸದ ವ್ಯಕ್ತಿ, ಕಥೆಯ ಪಾತ್ರ ಮತ್ತು ನಟ. 'ಅವ ಭಾರಿ ಮಾಡ್ಯಾನ' ಎಂಬ ಮೆಚ್ಚುಗೆಯು ನಟನಿಗೋ ವಂಚಕನಿಗೋ ಎಂಬುದು ಸಂದರ್ಭದಿಂದ ಮಾತ್ರ ತಿಳಿಯುತ್ತದೆ. ಸರ್ವನಾಮದಿಂದ ಸ್ಪಷ್ಟವಾಗದ ಈ ಭೇದವನ್ನು ಕಾಲರೂಪವು ಬಹುಮಟ್ಟಿಗೆ ಸ್ಪಷ್ಟಪಡಿಸುತ್ತದೆ.

ಕನ್ನಡದಲ್ಲಿ ನೋಡಿದ ಸಿನಿಮಾದ ಕಥೆಯನ್ನು ಸಾಮಾನ್ಯವಾಗಿ ವರ್ತಮಾನದಲ್ಲಿ ಹೇಳುತ್ತೇವೆ.

(6) ಅವ ಒಳಗ ಬರ್ತಾನ, ಪೆಟ್ಟಿಗಿ ಮೇಜಿನ ಮ್ಯಾಲ ಇಡ್ತಾನ, ಸಾಹೇಬ್ರು ನಗ್ತಾರ.

ಇಲ್ಲಿ 'ಅಂತ' ಇಲ್ಲ, ಬೇಕಾಗಿಯೂ ಇಲ್ಲ. ವರ್ತಮಾನ ರೂಪವೇ 'ಇದು ಕಥೆಯೊಳಗಿನ ಸಂಗತಿ' ಎಂದು ಸಾರುತ್ತದೆ. ಜನಪದ ಕಥೆಯು ಇದಕ್ಕೆ ವಿರುದ್ಧವಾದ ದಾರಿ ಹಿಡಿಯುತ್ತದೆ. 'ಒಂದೂರಾಗ ಒಬ್ಬ ರಾಜ ಇದ್ನಂತ' ಎಂದು ಶ್ರುತಸೂಚಕದಿಂದಲೇ ಆರಂಭಿಸಿ, ಕೇಳಿ ಬಂದ ಕಥೆಯೆಂದು ಒಪ್ಪಿಕೊಂಡುಬಿಡುತ್ತದೆ. ಇನ್ನು (1)ರಲ್ಲಿನ 'ಕೊಟ್ಟಾನ' ಎಂಬ ರೂಪವು, ಕೃತ್ಯ ನಡೆದಿದೆ, ಅದರ ಫಲ ಇಂದಿಗೂ ಉಳಿದಿದೆ ಎಂದು ಹೇಳುತ್ತದೆ. ಅದು ಲೋಕವನ್ನು ಕುರಿತ ಹೇಳಿಕೆ.

ಅಪಾಯವಿರುವುದು (6)ರಿಂದ (1)ಕ್ಕೆ ಜಾರುವಲ್ಲಿ. ದೃಶ್ಯವನ್ನು 'ಇಡ್ತಾನ, ನಗ್ತಾರ' ಎಂದು ವರ್ಣಿಸಿದವನು ಕೊನೆಗೆ ತೀರ್ಮಾನವೆಂಬಂತೆ 'ಸಾಹೇಬ್ರೂ ತಿಂದಾರ ಬಿಡ್ರಿ' ಎಂದರೆ, ಒಂದೇ ಉಸಿರಿನಲ್ಲಿ ಕಥೆಯ ಪದರದಿಂದ ಲೋಕದ ಪದರಕ್ಕೆ ದಾಟಿರುತ್ತಾನೆ. ಹಗರಣ ನಡೆದ ಕಾಲದಲ್ಲಿ ಇದೇ ಮಾತು 'ತಿಂದಾರಂತ' ಎಂದು ಇದ್ದಿರಬಹುದಾದದ್ದು. ನಡುವೆ ಹೊಸ ಪುರಾವೆಯೇನೂ ಬಂದಿಲ್ಲ, ಬಂದದ್ದು ಧಾರಾವಾಹಿ. ಆದರೂ 'ಅಂತ' ಬಿದ್ದುಹೋಗಿದೆ. ತೆರೆಯ ಮೇಲೆ ನೋಡಿದ್ದನ್ನು ಮನಸ್ಸು 'ಕಂಡದ್ದು' ಎಂಬ ಲೆಕ್ಕಕ್ಕೆ ಬರೆದುಕೊಂಡರೆ ಶ್ರುತಸೂಚಕಕ್ಕೆ ಅಲ್ಲಿ ಸ್ಥಳವಿರುವುದಿಲ್ಲ.

ಇಂಥ ಸರಣಿಗಳ ಆರಂಭದಲ್ಲಿ, ನೈಜ ಘಟನೆಗಳಿಂದ ಪ್ರೇರಿತವಾದರೂ ಕಥನಕ್ಕಾಗಿ ಸ್ವಾತಂತ್ರ್ಯ ವಹಿಸಲಾಗಿದೆ ಎಂಬರ್ಥದ ಸೂಚನೆಯೊಂದು ಬರುವುದು ವಾಡಿಕೆ. ಅದೂ ಆಧಾರಸೂಚಕವೇ. ಆದರೆ ಅದು ಒಮ್ಮೆ ಮೂಡಿ ಮರೆಯಾಗುತ್ತದೆ. ಕನ್ನಡದ 'ಅಂತ' ಹಾಗಲ್ಲ, ಹೇಳಿಕೆಯಿಂದ ಹೇಳಿಕೆಗೆ ಮತ್ತೆ ಮತ್ತೆ ಬರಬೇಕು. ಸೂಚನೆಯನ್ನು ಓದದೆ ಮುಂದೆ ಹೋಗಬಹುದು, ಕ್ರಿಯಾಪದದ ಕೊನೆಯನ್ನು ಉಚ್ಚರಿಸದೆ ಮುಂದೆ ಹೋಗಲಾಗದು.

6. 'ತೋರಿಸು': ತೆರೆಯ ಆಧಾರಸೂಚಕ

ಕೇಳಿದ್ದೂ ಅಲ್ಲದ, ಕಂಡದ್ದೂ ಅಲ್ಲದ ಈ ನಡುವಿನ ತಿಳಿವಳಿಕೆಗೆ ಕನ್ನಡದಲ್ಲಿ ಪ್ರತ್ಯಯವಿಲ್ಲ. ಆದರೆ ಮಾತಿನಲ್ಲಿ ರಚನೆಯಿದೆ.

(7) ರೊಕ್ಕ ಕೊಟ್ಟಂಗ ತೋರಿಸ್ಯಾರ.
(8) ರೊಕ್ಕ ಕೊಟ್ಟಿದ್ದನ್ನ ತೋರಿಸ್ಯಾರ.

ಮೇಲುನೋಟಕ್ಕೆ ಎರಡೂ ಒಂದೇ ಎನಿಸಬಹುದು. ಎರಡರಲ್ಲೂ 'ತೋರಿಸ್ಯಾರ' ಎಂಬುದಕ್ಕೆ ಕರ್ತೃ ಹೆಸರಿಲ್ಲದ 'ಅವರು', ಅಂದರೆ ಸರಣಿ ಮಾಡಿದವರು. ಭೇದ ತಿಳಿಯಬೇಕಾದರೆ ವಾಕ್ಯಗಳನ್ನು ನಿಷೇಧಿಸಿ ನೋಡಬೇಕು.

(9) ರೊಕ್ಕ ಕೊಟ್ಟಂಗ ತೋರಿಸಿಲ್ಲ.
(10) ರೊಕ್ಕ ಕೊಟ್ಟಿದ್ದನ್ನ ತೋರಿಸಿಲ್ಲ.

(9)ನ್ನು ಕೇಳಿದವನಿಗೆ ಹಣ ಕೊಟ್ಟನೋ ಇಲ್ಲವೋ ತಿಳಿಯುವುದಿಲ್ಲ. (10)ನ್ನು ಕೇಳಿದವನು ಮಾತ್ರ 'ಕೊಟ್ಟದ್ದು ನಿಜ, ಸರಣಿಯವರು ಅದನ್ನು ಬಿಟ್ಟಿದ್ದಾರೆ' ಎಂದೇ ಗ್ರಹಿಸುತ್ತಾನೆ. 'ಕೊಟ್ಟಿದ್ದನ್ನ' ಎಂಬ ಕೃದಂತ ನಾಮವು ಘಟನೆಯನ್ನು ಮೊದಲೇ ಸಂಭವಿಸಿದ ವಸ್ತುವಾಗಿ ಮುಂದಿಡುತ್ತದೆ. ವಾಕ್ಯವನ್ನು ನಿಷೇಧಿಸಿದರೂ ಆ ಗ್ರಹಿಕೆ ಅಳಿಯುವುದಿಲ್ಲ. ಹೀಗೆ ಹೇಳದೆಯೇ ಒಪ್ಪಿತವಾಗುವ ಅರ್ಥವನ್ನು ಪೂರ್ವಗೃಹೀತ ಎನ್ನುತ್ತೇವೆ. 'ಕೊಟ್ಟಂಗ' ಎಂಬುದರಲ್ಲಿ ಆ ಪೂರ್ವಗೃಹೀತವಿಲ್ಲ, ಹೋಲಿಕೆಯ 'ಅಂಗ' ಅದನ್ನು ತಡೆಯುತ್ತದೆ.

ಆದ್ದರಿಂದ ತೆರೆಯ ತಿಳಿವಳಿಕೆಗೆ ನಿಜವಾದ ಆಧಾರಸೂಚಕವಾಗಬಲ್ಲದ್ದು (7), (8) ಅಲ್ಲ. (8) ಹೊರನೋಟಕ್ಕೆ ಹೊಣೆಯನ್ನು ಸರಣಿಯವರ ಮೇಲೆ ಹಾಕುತ್ತದೆ, ಒಳಗೆ ಆರೋಪವನ್ನು ಸತ್ಯವೆಂದು ಸ್ಥಾಪಿಸುತ್ತದೆ. ನಾವೇನೂ ಹೇಳಲಿಲ್ಲ ಎಂದುಕೊಳ್ಳುತ್ತಲೇ ಎಲ್ಲವನ್ನೂ ಹೇಳಿಬಿಡುವ ರಚನೆಯಿದು. ಈ ಭೇದವನ್ನು ವ್ಯಾಕರಣ ಓದದವರೂ ಬಲ್ಲರು. ಚಿಕ್ಕಪ್ಪ ಮತ್ತು ಅಣ್ಣನ ಮಗನ ನಡುವಣ ಈ ಮಾದರಿ ಸಂಭಾಷಣೆಯಲ್ಲಿ ತಿದ್ದುಪಡಿ ನಡೆಯುವ ಬಗೆಯನ್ನು ಗಮನಿಸಬಹುದು.

(11) ಹುಡುಗ: ಕಾಕಾ, ದೊಡ್ಡ ಸಾಹೇಬ್ರಿಗೂ ರೊಕ್ಕ ಕೊಟ್ಟಾನ ನೋಡ್ರಿ.
ಕಾಕಾ: ಕೊಟ್ಟಾನಂತ ಅನ್ನಪಾ. ನೀ ಏನ್ ಅಲ್ಲಿದ್ದಿ?
ಹುಡುಗ: ಇಲ್ರಿ, ಸೀರಿಯಲ್‌ನ್ಯಾಗ ನೋಡೀನಿ.
ಕಾಕಾ: ಹಂಗಾರ ಕೊಟ್ಟಂಗ ತೋರಿಸ್ಯಾರ ಅನ್ನು.

ಹಿರಿಯನು ಸುದ್ದಿಯನ್ನು ಅಲ್ಲಗಳೆಯುತ್ತಿಲ್ಲ. 'ಸುಳ್ಳು' ಎಂದಾಗಲಿ 'ಆ ಸಾಹೇಬ್ರು ಅಂಥವರಲ್ಲ' ಎಂದಾಗಲಿ ಹೇಳುತ್ತಿಲ್ಲ. ಅವನು ತಿದ್ದುತ್ತಿರುವುದು ಪ್ರತ್ಯಯವನ್ನು: ಮೊದಲು ನೇರ ಹೇಳಿಕೆಯಿಂದ ಶ್ರುತಕ್ಕೆ, ಆಧಾರವು ಧಾರಾವಾಹಿಯೆಂದು ತಿಳಿದ ಮೇಲೆ ಶ್ರುತದಿಂದ ತೋರಿಕೆಗೆ.

7. ನೆರೆಭಾಷೆಗಳ ಸಾಕ್ಷ್ಯ

ಶ್ರುತಸೂಚಕವು ಈ ಸೀಮೆಯಲ್ಲಿ ಕನ್ನಡಕ್ಕಷ್ಟೇ ಸೀಮಿತವಲ್ಲ. ತೆಲುಗಿನಲ್ಲಿ 'ಅಂಟ', ಮರಾಠಿಯಲ್ಲಿ 'ಮ್ಹಣೆ', ದಖನಿಯಲ್ಲಿ 'ಕತೆ' ಇದೇ ಕೆಲಸ ಮಾಡುತ್ತವೆ. 'ವೋ ಆಯಾ ಕತೆ' ಎಂದರೆ ಅವನು ಬಂದನಂತೆ ಎಂದರ್ಥ. ಇದು 'ಕಹತೇ' ಎಂಬುದರ ಸವೆದ ರೂಪ, ಕನ್ನಡದ 'ಕತೆ'ಗೂ ಅದಕ್ಕೂ ಸಂಬಂಧವಿಲ್ಲ. ನಾಲ್ಕೂ ರೂಪಗಳು 'ಹೇಳು', 'ಅನ್ನು' ಎಂಬರ್ಥದ ಧಾತುಗಳಿಂದಲೇ ಹುಟ್ಟಿರುವುದು ಗಮನಾರ್ಹ. ದ್ರಾವಿಡ ಭಾಷೆಗಳ ಒಡನಾಟದಲ್ಲಿ ದಖನಿಯು ಈ ಲಕ್ಷಣವನ್ನು ರೂಢಿಸಿಕೊಂಡಿದೆ.

ಸರಣಿಯ ಭಾಷೆಯಾದ ಹಿಂದಿಯಲ್ಲಿ 'ಸುನಾ ಹೈ', 'ಕಹತೇ ಹೈಂ' ಎಂಬ ಬಿಡಿವಾಕ್ಯಗಳಿವೆ. ಅವನ್ನು ವಾಕ್ಯದ ಹೊರಗೆ ಸೇರಿಸುತ್ತಾರೆ. ಹೀಗಾಗಿ ಹಿಂದಿಯಲ್ಲಿ ನೋಡಿದ್ದನ್ನು ಕೊಪ್ಪಳದ ವೀಕ್ಷಕನು ಕನ್ನಡದಲ್ಲಿಯೋ ದಖನಿಯಲ್ಲಿಯೋ ಹೇಳಹೊರಟಾಗ, ಮೂಲ ಸಂಭಾಷಣೆಯಲ್ಲಿಲ್ಲದ ಆಯ್ಕೆಯೊಂದು ಅವನ ಮುಂದೆ ನಿಲ್ಲುತ್ತದೆ. 'ಅಂತ', 'ಕತೆ' ಸೇರಿಸಬೇಕೇ ಬಿಡಬೇಕೇ ಎಂಬುದನ್ನು ಅವನೇ ನಿರ್ಧರಿಸಬೇಕು. ಈ ಅರ್ಥದಲ್ಲಿ ಮರುನಿರೂಪಣೆಯು ಬರಿಯ ಅನುವಾದವಲ್ಲ, ಆರೋಪದ ತೂಕವನ್ನು ಹೊಸದಾಗಿ ಗೊತ್ತುಮಾಡುವ ಕ್ರಿಯೆ.

8. ಉಪಸಂಹಾರ

1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 60ನೆಯ ಕಲಮು, ಮೌಖಿಕ ಸಾಕ್ಷ್ಯವು ನೇರವಾಗಿರಬೇಕು ಎಂದಿತ್ತು: ಕಾಣಬಹುದಾದ ಸಂಗತಿಗೆ ಕಂಡವನೇ ಸಾಕ್ಷಿಯಾಗಬೇಕು. ನ್ಯಾಯಾಲಯವು ಕಟಕಟೆಯಲ್ಲಿ ಕೇಳುವ ಪ್ರಶ್ನೆಯನ್ನೇ ಕನ್ನಡವು ಕ್ರಿಯಾಪದದ ತುದಿಯಲ್ಲಿ ಕೇಳುತ್ತದೆ. ವ್ಯತ್ಯಾಸವಿಷ್ಟೆ: ನ್ಯಾಯಾಲಯವು ಕೇಳಿದ ಮಾತನ್ನು ಹೊರಗಿಡುತ್ತದೆ, ಭಾಷೆಯು ಅದನ್ನು ಗುರುತು ಹಾಕಿ ಒಳಗೆ ಬಿಟ್ಟುಕೊಳ್ಳುತ್ತದೆ. ಗುರುತು ಉಳಿದಿರುವವರೆಗೆ ಆರೋಪಕ್ಕೂ ತೀರ್ಪಿಗೂ ನಡುವಣ ಗೆರೆ ಉಳಿದಿರುತ್ತದೆ. ಖುಲಾಸೆಯಾದವನ, ಆರೋಪಮುಕ್ತನಾದವನ ಹೆಸರಿಗೆ ಊರಿನ ಮಾತಿನಲ್ಲಿರುವ ರಕ್ಷಣೆ ಆ ಒಂದು ಗುರುತೇ.

ಇದರಿಂದ ಎರಡು ಕೆಲಸಗಳು ನಮ್ಮ ಮುಂದಿವೆ. ಕನ್ನಡ ವ್ಯಾಕರಣದ ವಿವರಣೆಯಲ್ಲಿ 'ಅಂತೆ'ಯ ಜೊತೆಗೆ '-ಅಂಗ ತೋರಿಸು' ರಚನೆಗೂ ಆಧಾರಸೂಚಕಗಳ ಸಾಲಿನಲ್ಲಿ ಸ್ಥಾನ ಸಿಗಬೇಕು, ಉತ್ತರದ ಉಪಭಾಷೆಗಳಲ್ಲಿ ಶ್ರುತ ಮತ್ತು ಉಕ್ತಿಸೂಚಕಗಳು ಬೆರೆತಿರುವುದನ್ನು ಪ್ರತ್ಯೇಕವಾಗಿ ದಾಖಲಿಸಬೇಕು. ಹಾಗೆಯೇ ನೈಜ ಪ್ರಕರಣಗಳ ಸರಣಿಗಳಿಗೆ ಕನ್ನಡದಲ್ಲಿ ಉಪಶೀರ್ಷಿಕೆ, ಸಾರಾಂಶ, ವಿಮರ್ಶೆ ಬರೆ­ಯುವವರು 'ಕೊಟ್ಟದ್ದನ್ನು ತೋರಿಸಲಾಗಿದೆ' ಎಂಬುದಕ್ಕೂ 'ಕೊಟ್ಟಂತೆ ತೋರಿಸಲಾಗಿದೆ' ಎಂಬುದಕ್ಕೂ ಇರುವ ಭೇದವನ್ನು ಗಮನದಲ್ಲಿಡುವುದು ಅಗತ್ಯ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಕನ್ನಡದಲ್ಲಿದೆ. ತೆರೆಯ ಮೇಲೆ ಕಂಡದ್ದು ಪ್ರತ್ಯಕ್ಷವೂ ಅಲ್ಲವಾದ್ದರಿಂದ, ಅದನ್ನು ಹೇಳುವಾಗ ಕ್ರಿಯಾಪದದ ಕೊನೆಯ ಅಕ್ಷರಗಳ ಮೇಲೆ ಇನ್ನಷ್ಟು ನಿಗಾ ಬೇಕಾಗುತ್ತದೆ.